ಬಯಕಿ ಸಂಕಟ ಅಲ್ಲ, ಇದು ಬ್ಯಾರೆ ಬ್ಯಾನಿ

"ಬಸುರಿ ಅಂದಮ್ಯಾಲೆ ವಾಂತಿ ಇದ್ದದ್ದೇ, ಒಂದ್ ಚೂರು ಶುಂಠಿ ಬಾಯಾಗ ಇಟ್ಕೊ" ಅಂತಾರ. ಸಾದಾ ಸಂಕಟಕ್ಕ ಅದು ಖರೇನ. ನನಗ ಆಗಿದ್ದು ಅದಲ್ಲ. ಒಗ್ಗರಣಿ ವಾಸನಿ ಹಾಳಾಗ್ಲಿ, ಕುಡದ ನೀರೂ ನಿಲ್ತಿರಲಿಲ್ಲ. 3 ವಾರದಾಗ 5 ಕಿಲೋ ಇಳದೆ. "ನಾವೇನ ಹಡದಿಲ್ಲೇನು?" ಅಂದ್ರು ಹಿರ್ಯಾರೊಬ್ರು. ಆ ಮಾತಿಗಿಂತ ಸಲೈನ್ ಸೂಜಿ ಹಗರ ಇತ್ತು.

ಡಾಕ್ಟರು ಇದಕ್ಕ ಹೈಪರೆಮೆಸಿಸ್ ಗ್ರ್ಯಾವಿಡಾರಮ್ ಅಂತಾರ. ನೂರು ಬಸುರ್ಯಾರೊಳಗ ಒಬ್ರಿಗೋ ಇಬ್ರಿಗೋ ಬರ್ತದ. ಹೊಟ್ಟ್ಯಾಗ ಅವಳಿ ಇದ್ರ, ಅವ್ವಗ, ಅಕ್ಕಗ ಆಗಿದ್ರ, ಹಿಂದಿನ ಬಸುರಿನ್ಯಾಗ ಆಗಿದ್ರ ಹೆಚ್ಚು. ಇಂಗ್ಲೆಂಡಿನ ರಾಜಮನಿ ಸೊಸಿ ಕೇಟ್‌ಗೂ ಮೂರೂ ಬಸುರಿನ್ಯಾಗ ಇದೇ ಆತು. 2012ರಾಗ ದವಾಖಾನಿ ಸೇರಿದ್ಲು. ಆಕಿಗೇನು ರೊಟ್ಟಿ ಬಡಿಯೋದು ತಪ್ಪಿಸ್ಕೋಬೇಕಿತ್ತೇನು?

2023ರಾಗ ವಿಜ್ಞಾನಿಗಳು ಕಾರಣ ಬಿಡಿಸಿ ಹೇಳಿದ್ರು. ಕೂಸು, ಮಾಸಿನ ಕಡಿಂದ ಜಿಡಿಎಫ್15 ಅನ್ನೋ ಹಾರ್ಮೋನು ತಾಯಿ ರಕ್ತಕ್ಕ ಬರ್ತದ. ಮೊದಲಿಂದ ಮೈಯಾಗ ಅದು ಕಡಿಮಿ ಇದ್ದಾಕಿಗೆ ಒಮ್ಮೆಲೆ ಏರಿದ್ದು ತಡಕೊಳ್ಳಾಕ ಆಗೂದಿಲ್ಲ. ಅಂದ್ರ ಇದು ಮನಸ್ಸಿನ ಆಟ ಅಲ್ಲ.

ಮನ್ಯಾಗ ಯಾರಿಗರ ನೀರೂ ನಿಲ್ಲವಲ್ದು, ಎಂಟು ತಾಸು ಒಂದಕ್ಕ ಹೋಗಿಲ್ಲ, ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಅಂದ್ರ ಶುಂಠಿ ಡಬ್ಬಿ ಮುಚ್ಚಿ ದವಾಖಾನಿಗೆ ಕರಕೊಂಡ ಹೋಗ್ರಿ. ವಾರಗಟ್ಲೆ ವಾಂತಿ ಆಗಿದ್ರ, ಗ್ಲುಕೋಸ್ ಏರ್ಸೋ ಮೊದಲ ಬಿ1 ಕೊಡ್ತಾರೇನು ಅಂತ ಕೇಳ್ರಿ. ಅದು ತೀರಿದ್ರ ಮಿದುಳಿಗೇ ಪೆಟ್ಟು. ಬಸುರ್ಯಾಗ ಕೊಡೋ ವಾಂತಿ ಔಷಧ ಅದಾವ, ಡಾಕ್ಟರೇ ಬರದು ಕೊಡ್ತಾರ. ಅಷ್ಟ ಮಾಡ್ರಿ, ಆಕಿ ಮಾತು ನಂಬ್ರಿ.