ಅರವತ್ತನೇ ನಿಮಿಷದ ಜಾಣತನ

ಗೆಲ್ಲುತ್ತಿರುವಾಗ ಎಳೆಯ ಹುಡುಗನನ್ನು ಹೊರಗೆ ಕರೆಸಿಕೊಂಡು ಪಳಗಿದ ಡಿಫೆಂಡರ್ ಒಬ್ಬನನ್ನು ಮೈದಾನಕ್ಕೆ ಬಿಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟು ಟಿವಿಯಲ್ಲಿ ಯುರೋಪಿನ ಫುಟ್‌ಬಾಲ್ ನೋಡಿದವರಿಗೆ ಆ ಜಾಣತನ ತಾನಾಗಿ ಬಂದುಬಿಡುತ್ತದೆ. ಅದನ್ನೇ ಕಟ್ಟಿಕೊಂಡು ಹೋಗಿ ಹ್ಯಾಟ್ರಿಕ್ ಎಂಬ ಮ್ಯಾನೇಜರ್ ಆಟದಲ್ಲಿ ಕೂತೆ. ಒಳ್ಳೆಯ ಮಿಡ್‌ಫೀಲ್ಡರ್ ಆಗಬೇಕಿದ್ದ ಹುಡುಗನೊಬ್ಬನನ್ನು ಕೈಯಾರೆ ಕೆಡಿಸಿದೆ.

ಹ್ಯಾಟ್ರಿಕ್ ಸ್ವೀಡನ್ನಿನ ಆಟ. ಬ್ಯೋರ್ನ್ ಹೋಲ್ಮೇರ್ ಎಂಬಾತ 1997ರಲ್ಲಿ ಶುರು ಮಾಡಿದ್ದು. ಬ್ರೌಸರ್‌ನಲ್ಲೇ ಆಡಬಹುದು. ಬಟನ್ ಒತ್ತಿ ಚೆಂಡು ಒದೆಯುವ ಕೆಲಸ ಇಲ್ಲಿಲ್ಲ. ಆಟಗಾರರನ್ನು ಕೊಳ್ಳುವುದು, ಮಾರುವುದು, ಯಾರು ಎಲ್ಲಿ ಆಡಬೇಕೆಂದು ಬರೆದಿಡುವುದು, ಆಮೇಲೆ ಕಾಯುವುದು. ಪಂದ್ಯ ನಿಜವಾದ ಗಡಿಯಾರದ ಪ್ರಕಾರವೇ ನಡೆಯುತ್ತದೆ. ವಾರಾಂತ್ಯಕ್ಕೊಂದು ಲೀಗ್ ಪಂದ್ಯ, ವಾರದ ನಡುವೆ ಕಪ್ ಪಂದ್ಯ. ಕಪ್‌ನಿಂದ ಹೊರಬಿದ್ದಿದ್ದರೆ ಫ್ರೆಂಡ್ಲಿ. ಅದಾದ ಮೇಲೆ ವಾರಕ್ಕೊಮ್ಮೆ ಟ್ರೈನಿಂಗ್‌ನ ಲೆಕ್ಕ ಹಾಕುತ್ತಾರೆ. ಹದಿನಾರು ವಾರಕ್ಕೆ ಒಂದು ಸೀಸನ್. ಆಟಗಾರರ ವಯಸ್ಸೂ ಅದೇ ವೇಗದಲ್ಲಿ ಏರುತ್ತದೆ: 112 ದಿನಕ್ಕೆ ಒಂದು ವರ್ಷ. ನಮಗೆ ನಾಲ್ಕು ತಿಂಗಳು ತುಂಬುವುದರೊಳಗೆ ಹದಿನೇಳರ ಹುಡುಗ ಹದಿನೆಂಟಕ್ಕೆ ಕಾಲಿಟ್ಟಿರುತ್ತಾನೆ. ಈ ಒಂದು ಸಂಗತಿಯನ್ನು ನಾನು ಮೊದಲ ದಿನವೇ ಓದಿದ್ದೆ, ತಲೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಟ್ರೈನಿಂಗ್‌ನ ನಿಯಮ ಮೇಲ್ನೋಟಕ್ಕೆ ಸರಳ. ವಾರಕ್ಕೆ ಒಂದು ಕೌಶಲ ಆರಿಸಿಕೊಳ್ಳಬೇಕು. ಇಡೀ ತಂಡಕ್ಕೆ ಅದೊಂದೇ. ಅದು ಯಾರಿಗೆ ಸಿಗುತ್ತದೆ ಎನ್ನುವುದು ಆ ವಾರ ಯಾರು ಯಾವ ಸ್ಥಾನದಲ್ಲಿ ಎಷ್ಟು ನಿಮಿಷ ಆಡಿದರು ಎನ್ನುವುದರ ಮೇಲೆ. ಪ್ಲೇಮೇಕಿಂಗ್ ಆರಿಸಿದ್ದರೆ ನಡು ಮೈದಾನದ ಮಿಡ್‌ಫೀಲ್ಡರ್‌ಗೆ ಪೂರ್ತಿ, ವಿಂಗರ್‌ಗೆ ಅರ್ಧ, ಮಿಕ್ಕವರಿಗೆ ಹೆಚ್ಚೇನೂ ಇಲ್ಲ. ಗೋಲಿ ಎಷ್ಟೇ ಚೆನ್ನಾಗಿ ಹಾರಿದರೂ ಆ ವಾರ ಅವನಿಗೆ ಪ್ಲೇಮೇಕಿಂಗ್ ಹೆಚ್ಚೇನೂ ಬರುವುದಿಲ್ಲ. ಒಬ್ಬ ಆಟಗಾರನಿಗೆ ವಾರಕ್ಕೆ ಹೆಚ್ಚೆಂದರೆ ತೊಂಬತ್ತು ನಿಮಿಷದ ಟ್ರೈನಿಂಗ್. ಎರಡೂ ಪಂದ್ಯ ಪೂರ್ತಿ ಆಡಿದರೂ ಅಷ್ಟೇ.

ಹರಾಜಿನಲ್ಲಿ ನಾನು ಕೊಂಡ ಹುಡುಗನಿಗೆ ಹದಿನೇಳು ದಾಟಿ ಕೆಲವೇ ದಿನವಾಗಿತ್ತು. ಹದಿನಾಲ್ಕನೇ ನಂಬರಿನ ಅಂಗಿ ಕೊಟ್ಟೆ. ಕೊಳ್ಳುವಾಗ ಕೊನೆಯ ಮೂರು ನಿಮಿಷ ಬೇರೆ ಯಾರೋ ಒಬ್ಬರು ನನ್ನೊಂದಿಗೆ ಬಿಡ್ ಏರಿಸುತ್ತಾ ಹೋದರು. ಕೈಯಲ್ಲಿದ್ದ ದುಡ್ಡೆಲ್ಲ ಸುರಿದೆ. ಲೆಕ್ಕಾಚಾರ ಇಷ್ಟೇ: ಎರಡು ಮೂರು ಸೀಸನ್ ಪ್ಲೇಮೇಕಿಂಗ್ ಕಲಿಸುವುದು, ಇಪ್ಪತ್ತು ತುಂಬುವಷ್ಟರಲ್ಲಿ ತಂಡದ ಬೆನ್ನೆಲುಬು ಆಗುತ್ತಾನೆ, ಇಲ್ಲವಾದರೆ ಕೊಂಡದ್ದರ ಹಲವು ಪಟ್ಟು ಬೆಲೆಗೆ ಮಾರುತ್ತೇನೆ.

ನಾನು ಎಡವಿದ್ದು ಪಂದ್ಯದ ಆದೇಶ ಬರೆಯುವ ಪುಟದಲ್ಲಿ. ಅಲ್ಲಿ ಹನ್ನೊಂದು ಜನರನ್ನು ನಿಲ್ಲಿಸಿದ ಮೇಲೆ, ಪಂದ್ಯದ ನಡುವೆ ಏನಾಗಬೇಕು ಅಂತಲೂ ಮೊದಲೇ ಹೇಳಿಡಬಹುದು. ಯಾರು ಹೊರಗೆ, ಯಾರು ಒಳಗೆ, ಎಷ್ಟನೇ ನಿಮಿಷಕ್ಕೆ, ಆಗ ನಾವು ಮುಂದಿದ್ದೇವೋ ಹಿಂದಿದ್ದೇವೋ. ಇಬ್ಬರು ಸ್ಥಾನ ಬದಲಾಯಿಸಿಕೊಳ್ಳುವಂತೆಯೂ ಮಾಡಬಹುದು. ನನಗೆ ಆ ಪುಟ ಹುಚ್ಚು ಹಿಡಿಸಿತು. ಅರವತ್ತನೇ ನಿಮಿಷಕ್ಕೆ ನಾವು ಮುಂದಿದ್ದರೆ ಹದಿನಾಲ್ಕು ಹೊರಗೆ, ಮೂವತ್ತೊಂದು ವಯಸ್ಸಿನ ಡಿಫೆಂಡರ್ ಒಳಗೆ. ಈ ಸಾಲನ್ನು ಪ್ರತಿ ಲೀಗ್ ಪಂದ್ಯಕ್ಕೂ ಬರೆದೆ. ಪಂದ್ಯದ ವರದಿಯಲ್ಲಿ ಅದು ಜಾರಿಯಾದ ಸಾಲು ಮೂಡಿದಾಗ ನಾನೇ ಬೆಂಚಿನಿಂದ ಎದ್ದು ಕೈ ಬೀಸಿದಷ್ಟು ಹಿಗ್ಗು.

ಗೆದ್ದೆ ಕೂಡ. ಒಂದು ಶೂನ್ಯದ, ಎರಡು ಒಂದರ ಗೆಲುವುಗಳು. ಅಂಕಪಟ್ಟಿಯಲ್ಲಿ ಮೇಲಿದ್ದೆ.

ವಾರದ ನಡುವಿನ ಫ್ರೆಂಡ್ಲಿಯಲ್ಲಿ ಹುಡುಗನಿಗೆ ವಿಶ್ರಾಂತಿ ಕೊಡುತ್ತಿದ್ದೆ. ಮೊನ್ನೆ ತಾನೆ ಅರವತ್ತು ನಿಮಿಷ ಓಡಿದ್ದಾನೆ, ಪಾಪ. ಅವನ ಜಾಗಕ್ಕೆ ಇಪ್ಪತ್ತಾರು ಇಪ್ಪತ್ತೇಳರ, ಇನ್ನು ಕಲಿಯುವುದಕ್ಕೆ ಹೆಚ್ಚೇನೂ ಉಳಿದಿಲ್ಲದ ಒಬ್ಬನನ್ನು ಹಾಕುತ್ತಿದ್ದೆ. ಆ ಮನುಷ್ಯ ತೊಂಬತ್ತು ನಿಮಿಷವೂ ಆಡಿ, ನನ್ನ ಕೋಚ್‌ಗೆ ನಾನು ಕೊಡುತ್ತಿದ್ದ ಸಂಬಳದ ಫಲವನ್ನು ಸುಮ್ಮನೆ ತಿಂದು ಹೋಗುತ್ತಿದ್ದ.

ಈ ಆಟಕ್ಕೆ ನನ್ನನ್ನು ಎಳೆದದ್ದು ಆಫೀಸಿನಲ್ಲಿ ಪಕ್ಕದ ಮೇಜಿನ ಮಂಗಳೂರಿನ ಗೆಳೆಯ. ಊಟದ ಹೊತ್ತಿನಲ್ಲಿ ಒಮ್ಮೆ ನನ್ನ ಮೊಬೈಲ್ ಕಸಿದುಕೊಂಡು ಆದೇಶಗಳನ್ನು ನೋಡಿದ.

‘ಇವನನ್ನು ಫ್ರೆಂಡ್ಲಿಗೆ ಯಾಕೆ ಹಾಕ್ಲಿಲ್ಲ ನೀನು?’

‘ಸುಸ್ತಾಗಿರ್ತಾನಲ್ಲ. ಮೊನ್ನೆ ಆಡಿದ್ದಾನೆ.’

‘ಅಲ್ಲ ಮಾರಾಯ, ಸುಸ್ತು ಅಂತ ಹೇಳಿದ್ದು ಯಾರು ನಿಂಗೆ? ಅವನ ಪುಟದಲ್ಲಿ ಸುಸ್ತು ಅಂತ ಒಂದು ಕಾಲಂ ಉಂಟಾ? ತೋರ್ಸು ನೋಡುವ.’

ಸ್ಟ್ಯಾಮಿನಾ ಅಂತ ಇದೆಯಲ್ಲ ಎಂದು ತೋರಿಸಿದೆ. ಅವನು ನಕ್ಕ. ಅದು ತೊಂಬತ್ತು ನಿಮಿಷ ತಡೆದುಕೊಳ್ಳುವ ಶಕ್ತಿ, ಮೊನ್ನೆಯ ದಣಿವಲ್ಲ. ಹ್ಯಾಟ್ರಿಕ್‌ನಲ್ಲಿ ಒಂದು ಪಂದ್ಯದ ಆಯಾಸ ಮುಂದಿನ ಪಂದ್ಯಕ್ಕೆ ಬರುವುದೇ ಇಲ್ಲ. ಪಂದ್ಯದೊಳಗೆ ಬಳಲುತ್ತಾರೆ, ಪಂದ್ಯ ಮುಗಿದೊಡನೆ ಎಲ್ಲರೂ ಹೊಸಬರು. ನಾನು ಇಲ್ಲದ ಕಾಲುನೋವಿಗೆ ರಜೆ ಕೊಟ್ಟಿದ್ದೆ.

‘ಲೀಗ್‌ನಲ್ಲಿ ಅರವತ್ತು ಆಡಿದ. ಇನ್ನು ಮೂವತ್ತು ಬಾಕಿ ಉಂಟು. ಅದನ್ನು ಫ್ರೆಂಡ್ಲಿಯಲ್ಲಿ ತೀರಿಸ್ಬೇಕಾ ಬೇಡ್ವಾ?’

ಆ ಮೂವತ್ತನ್ನು ನಾನು ವಾರವಾರವೂ ಬಾಕಿಯಾಗಿಯೇ ಬಿಟ್ಟಿದ್ದೆ. ಮುಂದಿನ ವಾರಕ್ಕೆ ಅದು ಸೇರುವುದಿಲ್ಲ. ಲೆಕ್ಕ ಹಾಕಿದ ಗಳಿಗೆಗೆ ಪುಟ ತಿರುಗಿಬಿಡುತ್ತದೆ. ಮೂರು ವಾರ ಹೀಗೆ ಮಾಡಿದರೆ ಒಂದು ಇಡೀ ವಾರದ ಟ್ರೈನಿಂಗ್ ಮಣ್ಣುಪಾಲು.

ಇಷ್ಟು ಸರಳವಾದದ್ದು ಅಷ್ಟು ದಿನ ಕಣ್ಣಿಗೆ ಬೀಳದಿದ್ದುದಕ್ಕೆ ಕಾರಣವಿದೆ. ನೆಪ ಹೇಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ. ಹ್ಯಾಟ್ರಿಕ್ ಆಟಗಾರನ ಕೌಶಲವನ್ನು ಮೆಟ್ಟಿಲುಗಳಲ್ಲಿ ಮಾತ್ರ ತೋರಿಸುತ್ತದೆ. ಎರಡು ಮೆಟ್ಟಿಲ ನಡುವೆ ಅವನು ಎಲ್ಲಿದ್ದಾನೆ, ಕಾಲು ಭಾಗ ಏರಿದ್ದಾನೋ ಮುಕ್ಕಾಲು ಏರಿದ್ದಾನೋ, ಕಾಣಿಸುವುದಿಲ್ಲ. ಅರ್ಧಂಬರ್ಧ ಟ್ರೈನಿಂಗ್ ಸಿಕ್ಕ ವಾರವೂ ಪೂರ್ತಿ ಸಿಕ್ಕ ವಾರವೂ ಪರದೆಯ ಮೇಲೆ ಒಂದೇ ಥರ. ಗೆದ್ದ ಪಂದ್ಯದ ಮೂರು ಅಂಕ ಮಾತ್ರ ಅವತ್ತೇ ಎದ್ದು ಕಾಣುತ್ತದೆ. ಕಾಣುವುದಕ್ಕಾಗಿ ಕಾಣದ್ದನ್ನು ಕೊಡುತ್ತಾ ಹೋದೆ.

ಗೆಳೆಯ ಹೇಳಿದ ಮೇಲಾದರೂ ಸರಿಹೋದೆನೇ? ಇಲ್ಲ, ಇನ್ನೊಂದು ಕಡೆಗೆ ವಾಲಿದೆ. ನ್ಯಾಯವಂತನಾದೆ. ಹದಿನಾಲ್ಕನೇ ನಂಬರಿನವನ ಜೊತೆಗೆ ತಂಡದಲ್ಲಿ ಇಪ್ಪತ್ಮೂರರ ವಿಂಗರ್ ಒಬ್ಬನಿದ್ದ. ಅವನಿಗೂ ಪ್ಲೇಮೇಕಿಂಗ್ ಸ್ವಲ್ಪ ಬಂದರೆ ಒಳ್ಳೆಯದಲ್ಲವೇ ಅನ್ನಿಸಿತು. ನಲವತ್ತೈದನೇ ನಿಮಿಷಕ್ಕೆ ಇಬ್ಬರೂ ಜಾಗ ಬದಲಾಯಿಸಿಕೊಳ್ಳಲಿ ಎಂದು ಬರೆದೆ. ಮಿಡ್‌ಫೀಲ್ಡರ್ ವಿಂಗ್‌ಗೆ, ವಿಂಗರ್ ನಡುವಿಗೆ. ಇಬ್ಬರಿಗೂ ಲಾಭ ಎಂದುಕೊಂಡೆ.

ಕಾಗದದ ಮೇಲೆ ಕೂಡಿಸಿ ನೋಡಿದಾಗ ಗೊತ್ತಾಯಿತು. ಆಟ ನಿಮಿಷಗಳನ್ನು ಸ್ಥಾನವಾರು ಬೇರೆಬೇರೆಯಾಗಿ ಎಣಿಸುತ್ತದೆ. ಹುಡುಗ ಅರ್ಧ ಪಂದ್ಯ ನಡುವಿನಲ್ಲಿ ಆಡಿದ್ದಕ್ಕೆ ಪೂರ್ತಿ ದರ, ಇನ್ನರ್ಧ ವಿಂಗ್‌ನಲ್ಲಿ ಆಡಿದ್ದಕ್ಕೆ ಅರ್ಧ ದರ, ಒಟ್ಟು ಮುಕ್ಕಾಲು. ವಿಂಗರ್‌ಗೂ ಮುಕ್ಕಾಲು. ಬದಲಾಯಿಸದಿದ್ದರೆ ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಅರ್ಧ. ಎರಡು ಸಲವೂ ಮೊತ್ತ ಒಂದೂವರೆಯೇ. ಹೊಸದಾಗಿ ಏನೂ ಹುಟ್ಟಲಿಲ್ಲ, ಹದಿನೇಳರ ಹುಡುಗನ ತಟ್ಟೆಯಿಂದ ಕಾಲು ಭಾಗ ಎತ್ತಿ ಇಪ್ಪತ್ಮೂರರವನಿಗೆ ಬಡಿಸಿದ್ದೆ. ಅದೂ ಸಮ ಅಲ್ಲ: ವಯಸ್ಸು ಹೆಚ್ಚಿದಷ್ಟೂ ಕಲಿಕೆ ನಿಧಾನ. ಅವನಿಗೆ ಕೊಟ್ಟ ಆ ಕಾಲು ಭಾಗ ಹುಡುಗನಲ್ಲಿ ಬೆಳೆಯುತ್ತಿದ್ದಷ್ಟು ಅವನಲ್ಲಿ ಬೆಳೆಯಲಿಲ್ಲ.

ಸ್ಥಾನ ಬದಲಾವಣೆ ದಂಡ ಅಂತ ನಾನು ಹೇಳುತ್ತಿಲ್ಲ. ಒಂದೇ ವಯಸ್ಸಿನ ಇಬ್ಬರು ಹುಡುಗರಿದ್ದು, ಇಬ್ಬರನ್ನೂ ಒಟ್ಟಿಗೆ ಎತ್ತಬೇಕು ಅನ್ನುವವರಿಗೆ ಅದು ಕೆಲಸಕ್ಕೆ ಬರುತ್ತದೆ. ನನಗೆ ಹಾಗೆ ಎತ್ತಬೇಕಾದ ಇಬ್ಬರು ಇರಲೇ ಇಲ್ಲ.

ಗಾಯದ ವಿಷಯಕ್ಕೆ ಬಂದರೆ ಇನ್ನೂ ನಗೆಪಾಟಲು. ಒಂದು ಫ್ರೆಂಡ್ಲಿಯಲ್ಲಿ ಹುಡುಗ ಶುರುವಿನಲ್ಲೇ ಪೆಟ್ಟು ಮಾಡಿಕೊಂಡು ಹೊರಬಂದ. ಗಾಯಗೊಂಡವನಿಗೆ ಆಡಿದಷ್ಟು ನಿಮಿಷ, ಉಳಿದದ್ದು ಬದಲಿಗೆ ಬಂದವನಿಗೆ. ಬೆಂಚಿನಲ್ಲಿ ಮಿಡ್‌ಫೀಲ್ಡರ್ ಜಾಗಕ್ಕೆ ನಾನು ಕೂರಿಸಿದ್ದು ಯಾರನ್ನು? ನಿವೃತ್ತಿಯ ಅಂಚಿನ ಒಬ್ಬ ಹಿರಿಯನನ್ನು. ಬೆಂಚು ಎಂದರೆ ಪಂದ್ಯ ಉಳಿಸಿಕೊಳ್ಳಲು ಇಟ್ಟ ವಿಮೆ ಎಂದೇ ತಿಳಿದಿದ್ದೆ. ಅಲ್ಲಿ ಇನ್ನೊಬ್ಬ ಎಳೆಯನನ್ನು ಕೂರಿಸಿದ್ದರೆ ಎಂಬತ್ತು ಚಿಲ್ಲರೆ ನಿಮಿಷ ಅವನ ಪಾಲಿಗೆ ಬರುತ್ತಿತ್ತು.

ನಿಜವಾದ ಫುಟ್‌ಬಾಲ್‌ನಿಂದ ಬಂದ ಬುದ್ಧಿ ಇಲ್ಲಿ ಯಾಕೆ ಕೈಕೊಟ್ಟಿತು ಅಂತ ಆಮೇಲೆ ಬಹಳ ಯೋಚಿಸಿದೆ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಮೊದಲು ಅವಕಾಶ ಕೊಟ್ಟದ್ದು 1970ರಲ್ಲಿ, ತಂಡಕ್ಕೆ ಇಬ್ಬರು. ಕೋವಿಡ್ ಬಂದ 2020ರಲ್ಲಿ ಐವರಿಗೆ ಅವಕಾಶ ಕೊಟ್ಟರು, ಆಟಗಾರರ ಮೈಮೇಲಿನ ಭಾರ ಕಡಿಮೆಯಾಗಲಿ ಎಂದೇ. ಅಲ್ಲಿ ದೇಹ ಇದೆ. ಆಡದೆ ಬೆಂಚಿನಲ್ಲೇ ಕೂತವರನ್ನು ಪಂದ್ಯ ಮುಗಿದ ಮೇಲೆ ಅದೇ ಮೈದಾನದಲ್ಲಿ ಓಡಿಸುವುದನ್ನು ನೀವೂ ನೋಡಿರಬಹುದು. ಜನ ಎದ್ದು ಹೋಗುತ್ತಿರುತ್ತಾರೆ, ಇವರು ಕೋನ್‌ಗಳ ನಡುವೆ ಓಡುತ್ತಿರುತ್ತಾರೆ. ಆಡಿದವರಿಗೂ ಆಡದವರಿಗೂ ವಾರದ ಕಸರತ್ತು ಸರಿಸುಮಾರು ಸಮವಾಗಿರಲಿ ಎಂಬುದಕ್ಕೆ ಆ ಏರ್ಪಾಡು. ಹ್ಯಾಟ್ರಿಕ್‌ನಲ್ಲಿ ಆ ಬಾಗಿಲಿಲ್ಲ. ಆಡಿದ ನಿಮಿಷವೇ ಕಸರತ್ತು.

ಸ್ಥಾನದ ಮಾತೂ ಹಾಗೆಯೇ. ಬಾಸ್ಟಿಯನ್ ಶ್ವೈನ್‌ಸ್ಟೈಗರ್ ವರ್ಷಗಟ್ಟಲೆ ವಿಂಗ್‌ನಲ್ಲಿ ಆಡಿದವನು. ಲೂಯಿ ವಾನ್ ಹಾಲ್ ಬಯರ್ನ್ ಮ್ಯೂನಿಕ್‌ಗೆ ಬಂದ 2009-10ರ ಸೀಸನ್‌ನಲ್ಲಿ ಅವನನ್ನು ನಡು ಮೈದಾನಕ್ಕೆ ತಂದ. ಅಲ್ಲಿಂದ ಅವನು ಬೇರೆಯೇ ಆಟಗಾರನಾದ. ಫುಟ್‌ಬಾಲ್ ಮ್ಯಾನೇಜರ್ ಎಂಬ ಇನ್ನೊಂದು ಆಟ ಈ ತರ್ಕವನ್ನು ಹಿಡಿಯಲು ನೋಡುತ್ತದೆ. ಅಲ್ಲಿ ಹೊಸ ಸ್ಥಾನಕ್ಕೆ ಒಗ್ಗಿಕೊಳ್ಳುವುದೇ ಒಂದು ಟ್ರೈನಿಂಗ್, ಆ ಸ್ಥಾನದಲ್ಲಿ ಪಂದ್ಯ ಆಡಿಸಿದರೆ ಬೇಗ ಒಗ್ಗುತ್ತಾರೆ. ದಣಿವೂ ಲೆಕ್ಕಕ್ಕುಂಟು, ವಿಶ್ರಾಂತಿ ಕೊಡದಿದ್ದರೆ ಪೆಟ್ಟು ತಿನ್ನುತ್ತಾರೆ. ಆ ಆಟದಲ್ಲಿ ನನ್ನ ಅರವತ್ತನೇ ನಿಮಿಷದ ಆದೇಶ ಒಳ್ಳೆಯ ಮ್ಯಾನೇಜರನ ಲಕ್ಷಣವೇ. ಹ್ಯಾಟ್ರಿಕ್‌ನಲ್ಲಿ ಯಾರನ್ನು ಎಲ್ಲಿ ನಿಲ್ಲಿಸಿದರೂ ಅಲ್ಲಿಗೆ ಒಗ್ಗುವ ಪ್ರಶ್ನೆಯಿಲ್ಲ, ಅವನ ಕೌಶಲ ಎಷ್ಟಿದೆಯೋ ಅಷ್ಟು ಆಡುತ್ತಾನೆ. ಹಾಗಾಗಿ ಸ್ಥಾನ ಎಂದರೆ ಅಲ್ಲಿ ಎರಡು ಕೆಲಸ ಒಟ್ಟಿಗೆ: ಇವತ್ತಿನ ಪಂದ್ಯಕ್ಕೆ ಬಲ, ಈ ವಾರದ ಟ್ರೈನಿಂಗ್‌ಗೆ ಚೀಟಿ. ನಾನು ಮೊದಲನೆಯದನ್ನು ಮಾತ್ರ ನೋಡಿ ಆದೇಶ ಬರೆಯುತ್ತಿದ್ದೆ.

ಹುಡುಗನಿಗೆ ಇಪ್ಪತ್ತಾಯಿತು. ಅವನ ಓರಗೆಯವರು, ಅವನ ಜೊತೆಗೇ ಹರಾಜಿಗೆ ಬಂದಿದ್ದವರು, ಎರಡು ಮೂರು ಮೆಟ್ಟಿಲು ಮೇಲಿದ್ದರು. ನಾನು ಸಿಟ್ಟು ಮಾಡಿಕೊಂಡೆ, ಅದೂ ಅವನ ಮೇಲೆ. ಇವನು ಕಲಿಯುವ ಪೈಕಿ ಅಲ್ಲ ಎಂದು ತೀರ್ಮಾನಿಸಿ ಮಾರಾಟಕ್ಕಿಟ್ಟೆ. ಕೊಂಡದ್ದರ ಅರ್ಧವೂ ಬರಲಿಲ್ಲ. ಪೋಲೆಂಡಿನ ತಂಡವೊಂದು ತೆಗೆದುಕೊಂಡಿತು.

ಮಾರಿದ ಆಟಗಾರನ ಪುಟ ಮುಚ್ಚಿಹೋಗುವುದಿಲ್ಲ, ಹೋಗಿ ನೋಡಬಹುದು. ಆ ವಾರವೇ ನೋಡಿದೆ. ನೋಡಬಾರದಿತ್ತು. ಅಲ್ಲಿಗೆ ಹೋದ ಮೊದಲ ಟ್ರೈನಿಂಗ್‌ಗೇ ಅವನು ಒಂದು ಮೆಟ್ಟಿಲು ಹತ್ತಿದ ಹಾಗಿತ್ತು. ನನ್ನಲ್ಲಿದ್ದಾಗ ಅವನು ಮೆಟ್ಟಿಲಿಗೆ ಕೂದಲೆಳೆಯಷ್ಟು ಕೆಳಗೆ ನಿಂತಿದ್ದ. ನಾನು ಬಿಟ್ಟ ಮೂವತ್ತು ನಿಮಿಷಗಳಲ್ಲಿ ಯಾವುದೋ ಒಂದನ್ನು ಕೊಟ್ಟಿದ್ದರೂ ಅವನು ನನ್ನ ಬಳಿಯೇ ಏರುತ್ತಿದ್ದ, ಕನಿಷ್ಠ ಬೆಲೆಯಾದರೂ ಸಿಗುತ್ತಿತ್ತು. ಗೆಳೆಯನಿಗೆ ತೋರಿಸಿದೆ. ‘ಪೋಲೆಂಡಿನವರಿಗೆ ಒಂದು ಥ್ಯಾಂಕ್ಸ್ ಹೇಳು’ ಎಂದು ಟಿಫಿನ್ ಡಬ್ಬಿ ತೊಳೆಯಲು ಹೋದ.

ಈಗ ಪಂದ್ಯದ ಆದೇಶ ತೆರೆಯುವ ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆಯುತ್ತೇನೆ. ನಡು ಮೈದಾನದಲ್ಲಿ ಮೂರು ಜಾಗ, ವಾರಕ್ಕೆ ಎರಡು ಪಂದ್ಯ, ತಲಾ ತೊಂಬತ್ತು: ಒಟ್ಟು 540 ನಿಮಿಷ. ಆರು ಹುಡುಗರ ಹೆಸರು. ಲೀಗ್ ಪಂದ್ಯ ಮುಗಿದ ರಾತ್ರಿ ಯಾರು ಎಷ್ಟು ಆಡಿದರು ಅಂತ ತುಂಬಿಸುತ್ತೇನೆ. ಒಬ್ಬ ಅರವತ್ತಕ್ಕೆ ಹೊರಬಂದಿದ್ದು ಅವನ ಬದಲಿಗೆ ಬೆಂಚಿನ ಹುಡುಗ ಉಳಿದ ಮೂವತ್ತು ಆಡಿದ್ದರೆ, ಫ್ರೆಂಡ್ಲಿಯಲ್ಲಿ ಬೆಂಚಿನವನು ಮೊದಲು ನಿಲ್ಲುತ್ತಾನೆ, ಅರವತ್ತನೇ ನಿಮಿಷಕ್ಕೆ ಹೊರಗೆ ಬರುತ್ತಾನೆ, ಮೊದಲಿನವನು ಒಳಗೆ ಹೋಗುತ್ತಾನೆ. ಇಬ್ಬರಿಗೂ ತೊಂಬತ್ತು. ಅದೇ ಅರವತ್ತನೇ ನಿಮಿಷ, ಅದೇ ಬದಲಾವಣೆ. ಆದರೆ ಈಗ ‘ಮುಂದಿದ್ದರೆ’ ಎಂಬ ಷರತ್ತನ್ನು ಹಾಕುವುದಿಲ್ಲ. ಷರತ್ತು ಹಾಕಿದರೆ, ಸ್ಕೋರು ಸಮವಾಗಿದ್ದ ದಿನ ಆದೇಶ ಜಾರಿಯಾಗದೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಇದಕ್ಕೆ ಬೆಲೆ ತೆತ್ತಿದ್ದೇನೆ. ನಡು ಮೈದಾನದಲ್ಲಿ ಮೂವರೂ ಎಳೆಯರಾದರೆ ಲೀಗ್‌ನಲ್ಲಿ ಏನಾಗುತ್ತದೋ ಅದೇ ಆಯಿತು. ಕಳೆದ ಸೀಸನ್‌ನಲ್ಲಿ ಒಂದು ದರ್ಜೆ ಕೆಳಗೆ ಇಳಿದೆ. ಗೆಳೆಯ ಮೇಲಿನ ದರ್ಜೆಯಲ್ಲಿದ್ದಾನೆ, ಅವನ ತಂಡದಲ್ಲಿ ಮೂವತ್ತರ ಒಳಗಿನವರು ಹುಡುಕಿದರೂ ಸಿಗುವುದಿಲ್ಲ. ಹುಡುಗರನ್ನು ಬೆಳೆಸುವ ಗೊಡವೆಯೇ ಬೇಡ, ಬೆಳೆದವರನ್ನು ಕೊಂಡರಾಯಿತು ಎನ್ನುವುದು ಅವನ ವಾದ. ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಇನ್ನೂ ಆಗಿಲ್ಲ, ಸಂಬಳದ ಪಟ್ಟಿ ಒಂದನ್ನು ಬಿಟ್ಟರೆ.