ಬೆಳಕು ಅರ್ಧ, ಸಂಕೇತ ಕಾಲುಭಾಗ



ನಾವು ಓದಿದ್ದು ಟಿ.ಸಿ.ಎಚ್., ಬಿ.ಎ. ಆದರೆ ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ವಿಜ್ಞಾನವೂ ನಮ್ಮ ಪಾಲಿಗೇ ಬಂದಿದೆ. ಫೆಬ್ರವರಿ 28ರ ವಿಜ್ಞಾನ ದಿನದಂದು ಏಳನೇ ಇಯತ್ತೆಯ ಮಕ್ಕಳಿಗೆ ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ಜಿ.ಎಂ.ಆರ್.ಟಿ. ರೇಡಿಯೋ ದೂರದರ್ಶಕದ ವಿಷಯ ಹೇಳಿದೆವು.

ಅಲ್ಲಿ 45 ಮೀಟರ್ ಅಗಲದ 30 ಡಿಶ್ ಆಂಟೆನಾಗಳಿವೆ. 14 ನಡುವೆ ಹತ್ತಿರ ಹತ್ತಿರ, ಉಳಿದ 16 ಮೂರು ತೋಳುಗಳಲ್ಲಿ, ಒಟ್ಟು ಸುಮಾರು 25 ಕಿ.ಮೀ. ಹರವಿನಲ್ಲಿ. ಆಕಾಶದ ಜಲಜನಕದಿಂದ ಬರುವ 1420 ಮೆಗಾಹರ್ಟ್ಸ್ ಅಲೆಯನ್ನು ತಾಮ್ರದ ಕೇಬಲ್ಲಿನಲ್ಲಿ ಅಷ್ಟು ದೂರ ತಂದರೆ ದಾರಿಯಲ್ಲೇ ಸೊರಗಿ ಹೋಗುತ್ತದೆ. ಅದಕ್ಕೇ ಅದನ್ನು ಲೇಸರ್ ಬೆಳಕಿನ ಏರಿಳಿತವಾಗಿಸಿ ಗಾಜಿನ ಎಳೆಯಲ್ಲಿ ಕಳಿಸುತ್ತಾರೆ. ಅಂಕಿಗಳಾಗಿ ಬದಲಿಸುವುದು ಕೇಂದ್ರಕ್ಕೆ ಬಂದ ಮೇಲೆ.

ಎಳೆಯಲ್ಲಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ನಷ್ಟ. 15 ಕಿ.ಮೀ.ಗೆ 3 ಡೆಸಿಬೆಲ್, ಅಂದರೆ ಬೆಳಕು ಅರ್ಧ ಉಳಿಯುತ್ತದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಸರ, ಹಂಗಾದ್ರ ಸಂಕೇತಾನೂ ಅರ್ಧಾನ ಉಳಿತೈತೇನ್ರಿ?"

ಹೌದು ಎಂದುಬಿಟ್ಟೆವು. ರಾತ್ರಿ ಅನುಮಾನ ಬಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯರಿಗೆ ಫೋನ್ ಮಾಡಿದೆವು. ಅವರು ನಕ್ಕರು. ಬೆಳಕು ಅರ್ಧವಾದರೆ ಆ ಕಡೆಯ ಫೋಟೋಡಯೋಡಿನಲ್ಲಿ ಕರೆಂಟು ಅರ್ಧ. ಆದರೆ ಸಂಕೇತದ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ. ಅರ್ಧದ ವರ್ಗ ಕಾಲು!

ಮರುದಿನ ಹಲಗೆಯ ಮೇಲೆ ಬರೆದೆವು: "ನಿನ್ನೆ ನಾವು ಹೇಳಿದ್ದು ತಪ್ಪು." ಲೆಕ್ಕ ಬಿಡಿಸಿದೆವು. ಲೇಸರಿಗೂ ಫೋಟೋಡಯೋಡಿಗೂ ತಮ್ಮದೇ ಗದ್ದಲವಿದೆ; ಆದ್ದರಿಂದ ಸಂಕೇತವನ್ನು ಆಂಟೆನಾದ ಬಳಿಯೇ ಬಲಪಡಿಸಿ ಕಳಿಸಬೇಕು. ಅತಿಯಾಗಿ ಬಲಪಡಿಸಿದರೆ ಇಲ್ಲದ ಕಂಪನಾಂಕಗಳು ಹುಟ್ಟಿಕೊಳ್ಳುತ್ತವೆ. ಜಾತ್ರೆಯ ಮೈಕಿನ ಹಾಗೆ: ಮೆಲ್ಲಗೆ ಮಾತಾಡಿದರೆ ಗುಂಯ್ ಎನ್ನುವ ಸದ್ದಷ್ಟೇ, ಕಿರುಚಿದರೆ ದನಿಯೇ ಒಡೆಯುತ್ತದೆ.

ಆ ಹುಡುಗಿಯ ತಂದೆ ಹಿಂದಿನ ವಾರವೇ ಬಂದು ಶಾಲೆ ಬಿಟ್ಟ ದಾಖಲೆ ಕೇಳಿದ್ದರು. "ಕನ್ನಡದಾಗ ವಿಜ್ಞಾನ ಕಲಿತು ಏನ್ ಮಾಡ್ತಾಳ್ರಿ?" ಎಂದಿದ್ದರು. ನಮಗೆ ಉತ್ತರ ಹೊಳೆದಿರಲಿಲ್ಲ. ಅವಳು ಆ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ ಅಪ್ಪನಿಗೆ ಕನ್ನಡದಲ್ಲೇ ತಿಳಿಸಿ ಹೇಳಿದಳಂತೆ.

ದಾಖಲೆ ಬರೆದಿಟ್ಟಿದ್ದೇವೆ. ಒಯ್ಯಲು ಅವರು ಇನ್ನೂ ಬಂದಿಲ್ಲ. ಬರದಿರಲಿ ಎಂಬುದೇ ನಮ್ಮ ಆಸೆ.