ನಮ್ಮ ಮನೆಯ ಆಟದ ಪೆಟ್ಟಿಗೆ

ಐವತ್ತು ದಾಟಿದ ಗೃಹಸ್ಥನಿಗೆ ಒಂದು ಹವ್ಯಾಸವಿರಬೇಕು ಎಂದು ವೈದ್ಯರು ಹೇಳುತ್ತಾರೆ. ಅದು ಯಾವುದಾಗಿರಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ನನ್ನ ಮಿತ್ರರಲ್ಲಿ ಒಬ್ಬರು ತಾರಸಿಯ ಮೇಲೆ ಬದನೆ ಬೆಳೆಯುತ್ತಾರೆ. ಇನ್ನೊಬ್ಬರು ಬೆಳಗಿನ ಐದಕ್ಕೆ ಎದ್ದು ಕೊಳಲು ಕಲಿಯುತ್ತ ನೆರೆಹೊರೆಯವರ ತಾಳ್ಮೆಯನ್ನು ಬೆಳೆಸುತ್ತಾರೆ. ನಾನು ಕಳೆದ ವರ್ಷ ಐದೂವರೆ ಅಡಿ ಎತ್ತರದ ಮರದ ಪೆಟ್ಟಿಗೆಯೊಂದನ್ನು ಮಾಡಿಸಿ ನಡುಮನೆಯಲ್ಲಿ ನಿಲ್ಲಿಸಿದೆ. ಬಂದವರೆಲ್ಲ “ಇದೇನು, ಹೊಸ ಬೀರುವೆ?” ಎಂದು ಕೇಳುತ್ತಾರೆ. ಬೀರುವಲ್ಲ, ವಿಡಿಯೊ ಆಟದ ಪೆಟ್ಟಿಗೆ ಎಂದರೆ, “ಮಗನಿಗೋ?” ಎಂದು ನನ್ನಾಕೆಯ ಮುಖ ನೋಡುತ್ತಾರೆ. “ಮಗ ಪುಣೆಯಲ್ಲಿದ್ದಾನೆ. ಇದು ಇವರಿಗೇ” ಎಂದು ಅವಳು ಕಾಫಿ ತರಲು ಒಳಗೆ ಹೋಗುತ್ತಾಳೆ. ಅವಳ ದನಿಯಲ್ಲಿ ದೂರಿರುವುದಿಲ್ಲ. ಊರಿಗೆ ಬಂದ ನೆಗಡಿ ಮನೆಗೂ ಬಂದಿದೆ ಎನ್ನುವಷ್ಟೇ ಭಾವ.

ಈ ಪೆಟ್ಟಿಗೆಯ ಮೂಲ ೧೯೮೭ರಲ್ಲಿದೆ. ಆಗ ನನಗೆ ಹದಿಮೂರು, ನನ್ನ ತಮ್ಮನಿಗೆ ಹತ್ತು. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಹೊಲಿಗೆ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವಣ ಕಿರುಕೋಣೆಯೊಂದರಲ್ಲಿ ವಿಡಿಯೊ ಆಟದ ಅಂಗಡಿ ತೆರೆದಿತ್ತು. ಬಾಗಿಲಿಗೆ ಕಪ್ಪು ಪರದೆ. ಪರದೆ ಸರಿಸಿ ಒಳಗೆ ಹೋದರೆ ಬೆವರು, ಬೀಡಿ, ಬಿಸಿಯಾದ ತಂತಿಗಳ ವಾಸನೆ. ಕತ್ತಲಲ್ಲಿ ಮಿನುಗುವ ನಾಲ್ಕು ಪೆಟ್ಟಿಗೆಗಳು. ಒಂದು ರೂಪಾಯಿ ನಾಣ್ಯ ಹಾಕಿದರೆ ಒಂದು ಆಟ. ಆ ನಾಲ್ಕರಲ್ಲಿ ಒಂದು ಪ್ಯಾಕ್‌ಮನ್.

ಪ್ಯಾಕ್‌ಮನ್ ಯಾರೆಂದು ತಿಳಿಯದ ಓದುಗರಿಗಾಗಿ ಎರಡು ಮಾತು. ಜಪಾನಿನ ನಾಮ್ಕೊ ಕಂಪನಿಯಲ್ಲಿದ್ದ ತೊರು ಇವಾತಾನಿ ಎಂಬವರು ೧೯೮೦ರಲ್ಲಿ ಹೊರತಂದ ಆಟ ಇದು. ಗುಂಡಗಿನ ಹಳದಿ ಜೀವವೊಂದು ಓಣಿಗಳ ಚಕ್ರವ್ಯೂಹದಲ್ಲಿ ಓಡುತ್ತ ೨೪೦ ಚಿಕ್ಕ ಚುಕ್ಕಿಗಳನ್ನೂ ೪ ದೊಡ್ಡ ಗುಂಡುಗಳನ್ನೂ ತಿಂದು ಮುಗಿಸಬೇಕು. ಅದನ್ನು ಹಿಡಿಯಲು ನಾಲ್ಕು ಭೂತಗಳು ಹೊರಟಿರುತ್ತವೆ. ಸ್ವಾರಸ್ಯವಿರುವುದು ಈ ಭೂತಗಳಲ್ಲಿ. ನಾಲ್ಕಕ್ಕೂ ನಾಲ್ಕು ಸ್ವಭಾವ. ಕೆಂಪು ಭೂತ ಸೀದಾ ಬೆನ್ನಟ್ಟುತ್ತದೆ, ನಮ್ಮ ಡ್ರಿಲ್ ಮಾಸ್ತರರ ಹಾಗೆ. ಗುಲಾಬಿ ಭೂತ ನೀವಿರುವ ಕಡೆಗೆ ಬಾರದೆ, ನೀವು ಹೊರಟ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ಬರುತ್ತದೆ. ಇಂಥ ಸೋದರತ್ತೆಯೊಬ್ಬರು ಎಲ್ಲರ ವಂಶದಲ್ಲಿಯೂ ಇರುತ್ತಾರೆ. ನೀಲಿ ಭೂತ ಕೆಂಪು ಭೂತ ಎಲ್ಲಿದೆ ಎಂದು ನೋಡಿಕೊಂಡು ತನ್ನ ದಾರಿ ನಿಶ್ಚಯಿಸುತ್ತದೆ. ಕಿತ್ತಳೆ ಬಣ್ಣದ್ದು ದೂರದಿಂದ ಬಹಳ ಶೌರ್ಯದಿಂದ ಬಂದು, ಹತ್ತಿರವಾದೊಡನೆ ಮನಸ್ಸು ಬದಲಿಸಿ ತನ್ನ ಮೂಲೆಗೆ ತಿರುಗುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ನನ್ನದೇ ನೆನಪು.

ಕಪ್ಪು ಪರದೆಯ ಅಂಗಡಿ ಎಂದೋ ಮುಚ್ಚಿತು. ಆದರೆ ಆ ಆಟ ಸಾಯಲಿಲ್ಲ. ೧೯೯೭ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೊರಿಯಾ ಎಂಬವರು ‘ಮೇಮ್’ ಎಂಬ ತಂತ್ರಾಂಶವನ್ನು ಹೊರತಂದರು. ಅದರ ಕೆಲಸ ಅನುಕರಣೆ. ನಮ್ಮ ಹರಿಕಥೆಯ ದಾಸರು ಒಬ್ಬರೇ ರಾಮನಾಗಿ, ಸೀತೆಯಾಗಿ, ಮರುಕ್ಷಣ ಹನುಮಂತನಾಗಿ ಸಭೆಯನ್ನು ನಂಬಿಸುವುದಿಲ್ಲವೆ? ಹಾಗೆ ಇಂದಿನ ಕಂಪ್ಯೂಟರೊಂದು ಹಳೆಯ ಯಂತ್ರದ ಮಿದುಳಾಗಿ, ಕಂಠವಾಗಿ, ಕಣ್ಣಾಗಿ ವೇಷ ಕಟ್ಟುತ್ತದೆ. ಹಳೆಯ ಆಟದ ಆದೇಶಗಳು ತಾವು ಇನ್ನೂ ೧೯೮೦ರ ಪೆಟ್ಟಿಗೆಯಲ್ಲೇ ಇದ್ದೇವೆಂದು ನಂಬಿ ತಮ್ಮ ಕೆಲಸ ಮಾಡಿಕೊಂಡು ಹೋಗುತ್ತವೆ. ಇದಕ್ಕೆ ದೊಡ್ಡ ಕಂಪ್ಯೂಟರೂ ಬೇಡ. ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ೨೦೧೨ರಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಎಂಬ, ಇಸ್ಪೀಟಿನ ಎಲೆಯಷ್ಟಗಲದ ಹಲಗೆ ಸಾಕು.

ಮರದ ಕೆಲಸಕ್ಕೆ ನಮ್ಮ ಬೀದಿಯ ಆಚಾರರನ್ನು ಕರೆದೆ. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ ಅವರು, “ಸ್ವಾಮಿ, ಇದು ದೇವರ ಮಂಟಪವೋ, ಟೀವಿ ಸ್ಟ್ಯಾಂಡೋ?” ಎಂದರು. ಎರಡರ ನಡುವಿನದು ಎಂದೆ. ೧೮ ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಎರಡು ಪಕ್ಕೆಗಳನ್ನು ಕೊರೆದು, ಕೈಯಿಡುವಲ್ಲಿ ಇಳಿಜಾರು ಮಾಡಿ, ಆರು ದಿನಗಳಲ್ಲಿ ನಿಲ್ಲಿಸಿಕೊಟ್ಟರು. ಎಸ್.ಪಿ. ರಸ್ತೆಯಲ್ಲಿ ಹಳೆಯ ಚೌಕದ ಮಾನಿಟರೊಂದು ಸಿಕ್ಕಿತು. ಪ್ಯಾಕ್‌ಮನ್ನಿನ ಚಿತ್ರ ೨೨೪ ಚುಕ್ಕಿ ಅಗಲ, ೨೮೮ ಚುಕ್ಕಿ ಎತ್ತರದ್ದು. ಆದ್ದರಿಂದ ಮಾನಿಟರನ್ನು ಪಕ್ಕಕ್ಕೆ ಹೊರಳಿಸಿ ನಿಲ್ಲಿಸಿದೆ. ಗುಂಡಿಗಳು, ಹಿಡಿಕೆ, ಅವುಗಳ ಕೆಳಗೆ ಟಕ್ಕೆನ್ನುವ ಪುಟ್ಟ ಸ್ವಿಚ್ಚುಗಳು, ಅವುಗಳಿಂದ ಹಲಗೆಗೆ ತಂತಿ—ಇಷ್ಟೇ.

ಇಷ್ಟೇ ಎಂದೆ, ಆದರೆ ಆಟ ಸರಿಹೋಗಲಿಲ್ಲ. ಹಳದಿ ಜೀವ ತಿರುವಿಗೆ ಬಂದಾಗಲೆಲ್ಲ ತಡವರಿಸಿ ನಿಲ್ಲುತ್ತಿತ್ತು. ಭೂತ ಬಂದು ಹಿಡಿಯುತ್ತಿತ್ತು. ಮೂರು ಸಂಜೆ ತಂತಿಗಳನ್ನೆಲ್ಲ ಬಿಚ್ಚಿ ಕಟ್ಟಿದೆ. ಕೊನೆಗೆ ಎಸ್.ಪಿ. ರಸ್ತೆಯ ಅಂಗಡಿಯ ಹುಡುಗ, “ಅಂಕಲ್, ನಿಮ್ಮ ಹಿಡಿಕೆ ಎಂಟು ದಿಕ್ಕಿನದು. ಆಟ ನಾಲ್ಕು ದಿಕ್ಕಿನದು. ಅಡಿಯಲ್ಲಿರುವ ತಗಡನ್ನು ತಿರುಗಿಸಿ ಹಾಕಿ” ಎಂದ. ಹಿಡಿಕೆ ಮೂಲೆಗೆ ಹೋಗದಂತೆ ತಡೆಯುವ ತಗಡು ಅದು. ತಿರುಗಿಸಿ ಹಾಕಿದೆ, ಸರಿಹೋಯಿತು. ಮನುಷ್ಯನಿಗೆ ಎಂಟು ದಿಕ್ಕಿನ ಸ್ವಾತಂತ್ರ್ಯ ಕೊಟ್ಟರೆ ನಾಲ್ಕರಲ್ಲಿಯೂ ನೆಟ್ಟಗೆ ನಡೆಯಲಾರ ಎಂದು ನನ್ನಾಕೆಗೆ ವಿವರಿಸಿದೆ. “ಊಟಕ್ಕೆ ಬನ್ನಿ” ಎಂದಳು.

ಇನ್ನೊಂದು ತೊಡಕು ಧರ್ಮಸೂಕ್ಷ್ಮದ್ದು. ‘ಮೇಮ್’ ೨೦೧೬ರಿಂದ ಎಲ್ಲರಿಗೂ ಮುಕ್ತವಾದ ತಂತ್ರಾಂಶ. ಆದರೆ ಅದರೊಳಗೆ ಓಡುವ ಆಟದ ಒಡೆತನ ಆಟ ಮಾಡಿದ ಕಂಪನಿಯದು. ಸುಮ್ಮನೆ ಎಲ್ಲಿಂದಲೋ ಇಳಿಸಿಕೊಂಡರೆ ಅದು ಕಳವೇ ಎಂದು ವಕೀಲ ಮಿತ್ರರು ಹೇಳಿದರು. ಕೆಟ್ಟುಹೋದ ಪ್ಯಾಕ್‌ಮನ್ ಹಲಗೆಯೊಂದನ್ನು ಗುಜರಿಯವನಿಂದ ಕೊಂಡು, ಅದರ ಚಿಪ್ಪುಗಳಲ್ಲಿದ್ದುದನ್ನು ಓದಿಸಿ ತಂದೆ. ಅದಕ್ಕೂ ವಕೀಲರು ಪೂರ್ತಿ ತಲೆಯಾಡಿಸಲಿಲ್ಲ. ನನಗೂ ಅರ್ಧ ಸಮಾಧಾನವೇ. ಕಳವಿನ ವಿಷಯದಲ್ಲಿ ನಾನು ಇಷ್ಟು ಅಂಜುವುದಕ್ಕೆ ಕಾರಣವಿದೆ. ಅದನ್ನು ಹೇಳದೆ ಈ ಪ್ರಬಂಧ ಮುಗಿಯುವಂತಿಲ್ಲ.

೧೯೮೭ರಲ್ಲಿ ಹದಿಮೂರು ವರ್ಷದ ಹುಡುಗನ ಕೈಗೆ ರೂಪಾಯಿ ಎಲ್ಲಿಂದ ಬರಬೇಕು? ನಮ್ಮ ದೇವರ ಮನೆಯಲ್ಲಿ ತಿಮ್ಮಪ್ಪನ ಹುಂಡಿ ಇತ್ತು. ಮುಚ್ಚಳಕ್ಕೆ ಸೀಳು ಮಾಡಿದ ತಗಡಿನ ಡಬ್ಬಿ. ಪ್ರತಿ ಶನಿವಾರ ಪೂಜೆಯಾದ ಮೇಲೆ ಅಮ್ಮ ಅದಕ್ಕೆ ಕುಂಕುಮವಿಟ್ಟು ಒಂದು ರೂಪಾಯಿ ಹಾಕುತ್ತಿದ್ದಳು. ಡಬ್ಬಿಯನ್ನು ಬೋರಲು ಹಿಡಿದು ಹೇರ್‌ಪಿನ್ನಿನಿಂದ ಸೀಳಿನಲ್ಲಿ ಎಳೆದರೆ ನಾಣ್ಯ ಜಾರಿ ಬರುತ್ತದೆ ಎಂದು ನಾನು ಕಂಡುಹಿಡಿದೆ. ಆ ವರ್ಷ ಎಂಟು ಸಲ ಎಳೆದೆ. ಎಂಟೆಂದು ಖಂಡಿತವಾಗಿ ಬಲ್ಲೆ. ಪಾಪದ ಲೆಕ್ಕ ತಪ್ಪುವುದಿಲ್ಲ.

ವರ್ಷ ತುಂಬಿ ತಿರುಪತಿಗೆ ಹೊರಡುವ ಹಿಂದಿನ ರಾತ್ರಿ ಅಪ್ಪ ಡಬ್ಬಿ ಒಡೆದು ಎಣಿಸಿದರು. ಐವತ್ತೆರಡು ಶನಿವಾರಕ್ಕೆ ಐವತ್ತೆರಡು ಇರಬೇಕು, ನಲವತ್ತನಾಲ್ಕು ಇತ್ತು. ದೇವರ ದುಡ್ಡು! ಮನೆ ಸ್ತಬ್ಧವಾಯಿತು. ತಮ್ಮನ ಚಡ್ಡಿಯ ಜೇಬಿನಲ್ಲಿ ಒಂದು ರೂಪಾಯಿ ಸಿಕ್ಕಿತು. “ಅಜ್ಜ ಕೊಟ್ಟದ್ದು” ಎಂದ. ಅಪ್ಪ ನಂಬಲಿಲ್ಲ, ಬೆಲ್ಟು ತೆಗೆದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ‘ನಾನು’ ಎಂಬ ಒಂದೇ ಮಾತು; ಗಂಟಲವರೆಗೆ ಬಂದು ಕಿತ್ತಳೆ ಭೂತದಂತೆ ಹಿಂದಕ್ಕೆ ತಿರುಗಿತು. ಅಪ್ಪ ತಮ್ಮ ಜೇಬಿನಿಂದ ಎಂಟು ರೂಪಾಯಿ ಸೇರಿಸಿದರು. ಬೆಳಗ್ಗೆ ಎಲ್ಲರೂ ತಿರುಪತಿಗೆ ಹೊರಟೆವು. ತಮ್ಮ ಬಸ್ಸಿನಲ್ಲಿ ಬೆನ್ನು ಒರಗಿಸದೆ ಕುಳಿತಿದ್ದ.

ಮುಂದೆ ಅಪ್ಪ ಹೋದರು, ಅಮ್ಮನೂ ಹೋದಳು. ನಾನು ಯಾರಿಗೂ ಹೇಳಲಿಲ್ಲ.

ಪೆಟ್ಟಿಗೆ ಸಿದ್ಧವಾದ ಮೊದಲ ಸಂಜೆ ಒಂದು ವಿಚಿತ್ರ ನಡೆಯಿತು. ‘ಮೇಮ್’ನಲ್ಲಿ ನಾಣ್ಯ ಹಾಕುವುದೆಂದರೆ ಕೀಲಿಮಣೆಯಲ್ಲಿ ೫ನ್ನು ಒತ್ತುವುದು; ಅದನ್ನೇ ಒಂದು ಕೆಂಪು ಗುಂಡಿಗೆ ಜೋಡಿಸಿದ್ದೆ. ಒತ್ತಿದಷ್ಟೂ ನಾಣ್ಯ. ಬಾಲ್ಯದಲ್ಲಿ ಕುಬೇರನೆಂದರೆ ಇಂಥವನು ಎಂದುಕೊಂಡಿದ್ದೆ. ನಲವತ್ತು ಆಟ ಆಡಿದೆ; ಆಕಳಿಕೆ ಬಂತು. ಸಾಯುವ ಭಯವಿಲ್ಲದ ಕಡೆ ಆಟಕ್ಕೆ ರುಚಿಯಿಲ್ಲ. ಆಚಾರರನ್ನು ಮತ್ತೆ ಕರೆಸಿ ಮುಂಭಾಗದಲ್ಲಿ ರಂಧ್ರ ಕೊರೆಸಿ, ನಾಣ್ಯ ಗುರುತಿಸುವ ಯಂತ್ರವನ್ನು ಕೂರಿಸಿದೆ. ಈಗ ನಿಜವಾದ ರೂಪಾಯಿ ಹಾಕಿದರೇ ಆಟ. ನಾಣ್ಯ ಒಳಗಿನ ತಗಡಿನ ಡಬ್ಬಿಗೆ ಬೀಳುತ್ತದೆ. ಸಂಜೆಗೆ ತಲೆಗೆ ಮೂರೇ ನಾಣ್ಯ ಎಂಬ ಕಾನೂನನ್ನೂ ಮಾಡಿದೆ.

ದಸರೆಗೆ ತಮ್ಮ ಶಿವಮೊಗ್ಗದಿಂದ ಬಂದ. ಬ್ಯಾಂಕಿನ ಉದ್ಯೋಗಿ, ಹಣ ಎಣಿಸಿ ಎಣಿಸಿ ಬೆರಳು ಸವೆದವನು. ಪೆಟ್ಟಿಗೆಯ ಮುಂದೆ ನಿಂತು ನಾಣ್ಯ ಹಾಕಿದ. ನಾನು ಮೊದಲ ಸುತ್ತನ್ನೇ ದಾಟಲು ಬೆವರುವವನು. ಅವನು ಒಂದೇ ನಾಣ್ಯಕ್ಕೆ ನಾಲ್ಕು ಸುತ್ತು ದಾಟಿದ. ನಾಣ್ಯ ಡಬ್ಬಿಯ ತಳಕ್ಕೆ ಬಿದ್ದ ಸದ್ದು ನನ್ನ ಕಿವಿಯಲ್ಲಿಯೇ ಉಳಿದಿತ್ತು. ಇನ್ನು ತಡೆಯಲಾರದೆ, “ಅವತ್ತು ಹುಂಡಿಯ ದುಡ್ಡು ತೆಗೆದವನು ನಾನು ಕಣೋ. ಎಂಟೂ ನಾನೇ” ಎಂದೆ.

ಅವನು ಹಿಡಿಕೆ ಬಿಡಲಿಲ್ಲ. “ಎಂಟೂ ನೀನೇ ಹೇಗಾಗುತ್ತೆ, ಅಣ್ಣ? ಐದು ನಾನು ತೆಗೆದಿದ್ದೆನಲ್ಲ!”

ನನಗೆ ಮಾತು ಹೊರಡಲಿಲ್ಲ.

“ಜೇಬಿನಲ್ಲಿದ್ದದ್ದು ಐದನೆಯದು. ನೀನು ಆಡುವುದನ್ನು ಪರದೆಯ ಸಂದಿಯಿಂದ ನೋಡಿ ದಾರಿ ಕಲಿತೆ. ನೀನು ಹೋದ ಮೇಲೆ ನಾನು ಒಳಗೆ ಹೋಗ್ತಿದ್ದೆ. ಅಪ್ಪ ಎಂಟು ಅಂದಾಗ ಮೂರು ಜಾಸ್ತಿ ಹೇಳ್ತಿದ್ದಾರೆ ಅನ್ನಿಸ್ತು. ಪೆಟ್ಟು ಬೀಳುವಾಗ ಲೆಕ್ಕ ಯಾರು ಕೇಳ್ತಾರೆ?”

ಮೂವತ್ತೆಂಟು ವರ್ಷ ಒಬ್ಬನೇ ಹೊತ್ತ ಹೊರೆಯಲ್ಲಿ ಪಾಲುದಾರನೊಬ್ಬ ಸಿಕ್ಕಿದ. ಇಬ್ಬರಿಗೂ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಕಾಫಿ ಹಿಡಿದು ಬಂದ ನನ್ನಾಕೆ ವಿಷಯ ಕೇಳಿದಳು, ಹೇಳಿದೆವು. ಅವಳು ನಗಲಿಲ್ಲ.

“ಎಂಟೂ ಐದೂ ಹದಿಮೂರು. ಐವತ್ತೆರಡರಲ್ಲಿ ಹದಿಮೂರು ಹೋದರೆ ಮೂವತ್ತೊಂಬತ್ತು ಇರಬೇಕಿತ್ತು” ಎಂದಳು. “ಮಾವನವರು ಎಣಿಸಿದಾಗ ನಲವತ್ತನಾಲ್ಕು ಹೇಗೆ ಬಂತು?”

ಪರದೆಯ ಮೇಲೆ ಗುಲಾಬಿ ಭೂತ ತಮ್ಮನನ್ನು ಹಿಡಿಯಿತು. ಯಾರೂ ನೋಡಲಿಲ್ಲ.

ಆ ಡಬ್ಬಿಯನ್ನು ಪ್ರತಿ ಶನಿವಾರ ಕೈಯಲ್ಲಿ ಎತ್ತುತ್ತಿದ್ದವಳು ಮನೆಯಲ್ಲಿ ಒಬ್ಬಳೇ. ತೂಕ ತಪ್ಪಿದ್ದು ಅವಳಿಗೆ ತಿಳಿಯದಿರುತ್ತದೆಯೆ? ಹಾಲಿನವನ ಚಿಲ್ಲರೆ, ರದ್ದಿ ಕಾಗದದ ಚಿಲ್ಲರೆಗಳೆಲ್ಲ ಅವಳ ಮೆಂತ್ಯದ ಡಬ್ಬಿಯಲ್ಲಿ ಇರುತ್ತಿದ್ದವು. ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಐದು ಸಲ ಅದರಿಂದ ಇದಕ್ಕೆ ಹಾಕಿದ್ದಳು.

ಬಹಳ ಹೊತ್ತಿನ ಮೇಲೆ ತಮ್ಮ, “ಐದು ಹಾಕಿದವಳು ಉಳಿದ ಎಂಟನ್ನೂ ಹಾಕಬಹುದಿತ್ತಲ್ಲ, ಅತ್ತಿಗೆ” ಎಂದ. ಅವನ ಕೈ ತಾನಾಗಿ ಬೆನ್ನಿಗೆ ಹೋಗಿತ್ತು.

“ತಿಂಗಳ ಕೊನೆ ಇದ್ದಿರಬೇಕು” ಎಂದಳು ನನ್ನಾಕೆ.

ತಿಮ್ಮಪ್ಪನ ಲೆಕ್ಕದಲ್ಲಿ ಬಾಕಿಯಿಲ್ಲ. ಅಪ್ಪ ಎಂಟು ಸೇರಿಸಿದರು. ಐವತ್ತೆರಡೂ ಅವನಿಗೆ ಅಂದೇ ಸಂದಿತು. ಉಳಿದ ಐದು ರೂಪಾಯಿ ಅಮ್ಮನದು. ಮರುದಿನ ಊರಿಗೆ ಹೊರಡುವ ಮುನ್ನ ತಮ್ಮ ಪೆಟ್ಟಿಗೆಯ ಡಬ್ಬಿಯಿಂದ ಐದು ನಾಣ್ಯ ತೆಗೆದು, ನನಗೆ ತೋರಿಸಿ, ಪೆಟ್ಟಿಗೆಯ ತಲೆಯ ಮೇಲೆ ಸಾಲಾಗಿ ಇಟ್ಟು ಹೋದ. ಅವನ್ನು ಎಲ್ಲಿಗೆ ಕಳುಹಿಸಬೇಕೋ ನನಗೆ ತಿಳಿಯದು. ಶನಿವಾರ ಧೂಳು ಒರೆಸುವಾಗ ನನ್ನಾಕೆ ಒಂದೊಂದನ್ನೂ ಎತ್ತಿ, ಒರೆಸಿ, ಇದ್ದಲ್ಲಿಯೇ ಇಡುತ್ತಾಳೆ.